ಕೆಂಪು ಸ್ಟಿಕರ್ ಕಿತ್ತ ಉಗುರು

ಈ ಬಲಗೈ ಹೆಬ್ಬೆರಳಿನ ಉಗುರು ನೋಡಿದರೆ ನನಗೇ ಹೇಸಿಗೆಯಾಗುತ್ತದೆ... ಓದಿ, ಬೇಕಾದರೆ ನೀವೂ ಉಗಿಯಿರಿ.

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನಾನು ಪರ್ಚೇಸ್ ಮ್ಯಾನೇಜರ್. ಆಗತಾನೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಮಷೀನ್ ಮಾಡುತ್ತಿದ್ದೆವು.

ಅದರ ಹೀಟರನ್ನು ಆನ್ ಆಫ್ ಮಾಡುವುದು ಒಂದು ಪುಟ್ಟ ಟ್ರಾನ್ಸಿಸ್ಟರ್.

ಚೆಕಿಂಗ್ ಟೇಬಲ್ಲಿನಲ್ಲಿ ಪುಟ್ಟಗೌರಮ್ಮ, ಇಪ್ಪತ್ತೆರಡು ವರ್ಷದಿಂದ. ಟ್ರಾನ್ಸಿಸ್ಟರಿನ ಹೊಸ ಲಾಟ್ ಬಂದರೆ ಅದರಲ್ಲಿ ಹತ್ತು ಪೀಸ್ ತೆಗೆದು, ಇಡೀ ದಿನ ಬಿಸಿ ಪೆಟ್ಟಿಗೆಯಲ್ಲಿಟ್ಟು ಓಡಿಸುತ್ತಿದ್ದರು. ಪಾಸಾದರೆ ಹಸಿರು ಸ್ಟಿಕರ್, ಇಲ್ಲದಿದ್ದರೆ ಕೆಂಪು.

ಆ ಟ್ರಾನ್ಸಿಸ್ಟರ್ ಮಾಡುವ ಕಂಪನಿ ನಾಲ್ಕು ವರ್ಷದಲ್ಲಿ ಮೂರು ಸಲ ಮಾರಾಟವಾಯಿತು.

ಪ್ರತಿ ಸಲವೂ ಒಂದು ಡ್ರೈಫ್ರೂಟ್ಸ್ ಡಬ್ಬಿ, ಜೊತೆಗೊಂದು ಕಾಗದ... "ಮಾಲೀಕರು ಮಾತ್ರ ಬದಲು. ಬೇರೇನೂ ಬದಲಾಗಿಲ್ಲ."

ನಾನು ಗೋಡಂಬಿ ತಿಂದೆ, ಕಾಗದ ಫೈಲ್ ಮಾಡಿದೆ. ಥೂ!

ಮೂರನೇ ಮಾಲೀಕರ ಮೊದಲ ಲಾಟ್ ಬಂತು. ಹತ್ತರಲ್ಲಿ ಮೂರು ಸುಟ್ಟುಹೋದವು.

"ಮೇಲೆ ತಳುಕು, ಒಳಗೆ ಹುಳುಕು ಸಾರ್. ಇದು ಕೆಟ್ರೆ ಹೀಟರ್ ಆಫೇ ಆಗಲ್ಲ... ಕೂಸಿನ ಮೈ ಬೆಂದೋಗುತ್ತೆ," ಎಂದರು ಗೌರಮ್ಮ, ಕೆಂಪು ಸ್ಟಿಕರ್ ಒತ್ತುತ್ತಾ.

"ರೀ ಗೌರಮ್ಮ, ಪೀಸಿನ ಮೇಲೆ ಹಳೇ ನಂಬರೇ ಇದೆ ತಾನೆ? ಈ ವಾರ ಹನ್ನೆರಡು ಮಷೀನ್ ಆಸ್ಪತ್ರೆಗಳಿಗೆ ಹೋಗ್ಬೇಕು. ನೀವೇನು ಇಂಜಿನಿಯರಾ?"

ಅವರು ಊಟಕ್ಕೆ ಹೋದಾಗ, ಇದೇ ಉಗುರಿನಿಂದ ಆ ಸ್ಟಿಕರ್ ಕಿತ್ತೆ. ಹಸಿರು ಅಂಟಿಸಿದೆ.

ಬಂದು ನೋಡಿದರು. ಕೂಗಾಡಲಿಲ್ಲ.

"ನಿಮ್ ಮನೇಲಿ ಮೊಮ್ಮಗು ಹುಟ್ಟಿದಾಗ ಹೇಳಿ ಸಾರ್. ಅದಕ್ಕೆ ಬೇರೆ ಮಷೀನ್ ಮಾಡಿಸ್ಕೊಡ್ತೀನಿ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆದರೂ ನಾಚಿಕೆಗೆಟ್ಟವನು ನಾನು, ಡಿಸ್ಪ್ಯಾಚ್ ಪೇಪರಿಗೆ ಸಹಿ ಹಾಕಿದೆ.

ಒಂದು ತಿಂಗಳಾಗಿತ್ತು... ನಮ್ಮ ಕಂಪನಿಯೇ ಮಾರಾಟವಾಯಿತು!

ಹೊಸ ಸಾಹೇಬರು ಬಂದವರೇ ಹೇಳಿದರು, "ಚೆಕಿಂಗ್ ಟೇಬಲ್ ದಂಡ." ಗೌರಮ್ಮನಿಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ನಾನೂ ಚಪ್ಪಾಳೆ ತಟ್ಟಿದೆ.

ಮರುದಿನ ನನಗೆ ಹೇಳಿದರು, "ಎಲ್ಲಾ ಆಸ್ಪತ್ರೆಗಳಿಗೂ ಒಂದು ಲೆಟರ್ ಕಳಿಸ್ರೀ."

ಟೈಪ್ ಮಾಡಲು ಕೂತೆ. "ಮಾಲೀಕರು ಮಾತ್ರ ಬದಲು. ಬೇರೇನೂ ಬದಲಾಗಿಲ್ಲ..."

ಕೈ ನಿಂತುಹೋಯಿತು.

ಎದ್ದು ಗೌರಮ್ಮನ ಖಾಲಿ ಟೇಬಲ್ಲಿಗೆ ಹೋದೆ. ಡ್ರಾಯರಿನಲ್ಲಿ ಅರ್ಧ ಮುಗಿದ ಕೆಂಪು ಸ್ಟಿಕರಿನ ಹಾಳೆ, ಪಕ್ಕದಲ್ಲಿ ಒಂದು ಖಾಲಿ ಉಪ್ಪಿನಕಾಯಿ ಬಾಟಲಿ. ಒಳಗೊಂದು ಚೀಟಿ.

"ಹಳೇ ಲಾಟಿನ ಒಳ್ಳೇ ಪೀಸು ಹನ್ನೆರಡು ಈ ಬಾಟಲೀಲಿ ಎತ್ತಿಟ್ಟಿದ್ದೆ. ಆ ಹನ್ನೆರಡು ಮಷೀನಿಗೂ ಅದನ್ನೇ ಹಾಕ್ಸಿದೀನಿ. ಆಮೇಲೆ ಬೇರೆ ಮಷೀನ್ ಹೊರಗೆ ಹೋಗಿಲ್ಲ. ಇನ್ನು ಒಳ್ಳೇ ಪೀಸು ನನ್ನ ಹತ್ರ ಇಲ್ಲ ಸಾರ್. ಇನ್ಮೇಲೆ ನೀವೇ ನೋಡ್ಕೋಬೇಕು."

ಐವತ್ತಾರು ವರ್ಷದ ಗಂಡಸು, ಆ ಬಾಟಲಿ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತೆ...

ನಂತರ ಲೆಟರ್ ಪ್ರಿಂಟ್ ತೆಗೆದು, ಅದರ ಮೇಲೊಂದು ಕೆಂಪು ಸ್ಟಿಕರ್ ಅಂಟಿಸಿ ಸಾಹೇಬರ ಮೇಜಿನ ಮೇಲಿಟ್ಟೆ.

"ಏನ್ರೀ ಇದು?"

"ಫೇಲ್ ಸಾರ್. ಇದು ಹೊರಗೆ ಹೋಗಲ್ಲ."

ಅದೇ ದಿನ ಆಸ್ಪತ್ರೆಗಳಿಗೆಲ್ಲ ನಾನೇ ಬೇರೆ ಕಾಗದ ಬರೆದೆ. ಟ್ರಾನ್ಸಿಸ್ಟರಿನ ಹೊಸ ಲಾಟಿನಲ್ಲಿ ಹತ್ತಕ್ಕೆ ಮೂರು ಸುಟ್ಟಿವೆ, ಚೆಕಿಂಗ್ ನಿಲ್ಲಿಸಿದ್ದಾರೆ, ಪರೀಕ್ಷೆ ಮಾಡಿಸದೆ ಒಂದು ಮಷೀನನ್ನೂ ಒಳಗೆ ಬಿಟ್ಟುಕೊಳ್ಳಬೇಡಿ ಎಂದು.

ಮೂರನೇ ದಿನ ನನಗೂ ಒಂದು ಗೋಡೆ ಗಡಿಯಾರ ಸಿಕ್ಕಿತು. ಶಾಲು ಕೊಡಲಿಲ್ಲ.

ಆದರೆ ಹನ್ನೊಂದು ಆಸ್ಪತ್ರೆಗಳು ಆರ್ಡರ್ ತಡೆಹಿಡಿದವು. ಸಾಹೇಬರ ಕಾರು ಗೌರಮ್ಮನ ಮನೆ ಹುಡುಕಿಕೊಂಡು ಹೋಯಿತು. ಬಿಸಿ ಪೆಟ್ಟಿಗೆ ಈಗ ಮತ್ತೆ ಉರಿಯುತ್ತಿದೆಯಂತೆ...

★

ಕಂಪನಿಯ ಬೋರ್ಡ್ ಯಾರು ಬೇಕಾದರೂ ಬದಲಾಯಿಸಲಿ... ಒಳಗಿರುವ ಮಾಲನ್ನು ಪರೀಕ್ಷಿಸುವ ಕೈಯನ್ನು ಮಾತ್ರ ಕಳೆದುಕೊಳ್ಳಬೇಡಿ.

ಇವತ್ತು ನಿಮ್ಮ ಉಗುರು ಯಾರು ಅಂಟಿಸಿದ ಕೆಂಪು ಸ್ಟಿಕರ್ ಕೀಳುತ್ತಿದೆ?