ಕರೆಯುವ ಹೆಸರು

"ಇನ್ಮೇಲೆ ನನ್ನನ್ನ ಹಾಗೆ ಕರೀಬೇಡ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿ ನಾಲ್ಕು ದಿನವಾಗಿತ್ತು. ಅಂದಿನಿಂದ ಮನೆಯ ಮಾತುಕತೆ ಹೆಸರಿಲ್ಲದೆಯೇ ಸಾಗುತ್ತಿತ್ತು. ಊಟಕ್ಕೆ ಬಾ, ಲೈಟ್ ಹಾಕು, ಆ ಕತ್ತರಿ ಇಲ್ಲಿ ಕೊಡು, ಅಷ್ಟೇ. ಕಾಲೇಜಿನ ಹಾಜರಿಯಲ್ಲಿ ಹುಡುಗಿಗೆ ಅಪ್ಪ ಬರೆಸಿದ ಅಂದದ ಹೆಸರೊಂದು ಇದ್ದೇ ಇತ್ತು. ಆದರೆ ಅಮ್ಮನ ಬಾಯಲ್ಲಿ ಅವಳು ಹುಟ್ಟಿದಾಗಿನಿಂದ 'ಇರು'. ಹೋದ ವಾರ ಕಾಲೇಜಿನ ಗೇಟಿನ ಎದುರು ಅಮ್ಮ "ಇರೂ, ಏ ಇರು" ಎಂದು ಕೂಗಿದ್ದೇ ತಡ, ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನ ಗಕ್ಕನೆ ನಿಂತುಬಿಟ್ಟಿದ್ದರು. ಗೆಳತಿಯರಿಗೆ ಅಷ್ಟು ಸಾಕಿತ್ತು. ಮರುದಿನದಿಂದ ಒಬ್ಬಳು ಅವಳನ್ನು 'ನಿಲ್ಲು' ಎಂದಳು, ಇನ್ನೊಬ್ಬಳು 'ಕೂರು' ಎಂದಳು. ಹದಿನೆಂಟರ ವಯಸ್ಸು, ಅವಮಾನ ಬೇಗ ತಟ್ಟುತ್ತದೆ.

ಅಮ್ಮನದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಸಂಜೆ ತುಂಬು ಬಸುರಿಯೊಬ್ಬಳು ಮೆತ್ತನೆಯ ಹಳದಿ ಬಟ್ಟೆ ತಂದು, ಹುಟ್ಟಲಿರುವ ಮಗುವಿಗೆ ಎರಡು ಅಂಗಿ ಹೊಲಿದುಕೊಡಿ ಎಂದಳು. ಮೊದಲು ಹುಟ್ಟಲಿ, ಆಮೇಲೆ ತನ್ನಿ, ಕೂತಲ್ಲೇ ಹೊಲಿದುಕೊಡುತ್ತೇನೆ ಎಂದು ಅಮ್ಮ ಅವಳನ್ನು ವಾಪಸು ಕಳಿಸಿದಳು. ಬಂದ ಗಿರಾಕಿಯನ್ನು ಹೀಗೆ ಸಾಗಹಾಕುವುದು ಅಮ್ಮನ ಹಳೆಯ ಹಟ. ಮಗಳು ತನ್ನ ಹಾಳೆಗಳಿಂದ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

ಒಂದು ಕಾದಂಬರಿಯ ಬಗ್ಗೆ ತನಗೆ ಅನ್ನಿಸಿದ್ದನ್ನು ಬರೆದು, ಮರುದಿನ ಅದನ್ನವಳು ತರಗತಿಯಲ್ಲಿ ಎಲ್ಲರೆದುರು ಓದಬೇಕಿತ್ತು. ಆಫ್ರಿಕಾದ ಇಗ್ಬೋ ಜನರ ಹಳ್ಳಿಯ ಕಥೆ, ಬಿಳಿಯರು ಅಲ್ಲಿಗೆ ಕಾಲಿಡುವುದಕ್ಕೂ ಹಿಂದಿನದು. ಆ ಊರಿನಲ್ಲಿ ವಾರಕ್ಕೆ ನಾಲ್ಕೇ ದಿನ. ಕಣಜದಲ್ಲಿ ಎಷ್ಟು ಗೆಡ್ಡೆ ಇದೆಯೆಂದು ನೋಡಿ ಗಂಡಸಿನ ಯೋಗ್ಯತೆ ಅಳೆಯುತ್ತಾರೆ. ನಾಳೆ ತಡವರಿಸಬಾರದಲ್ಲ ಎಂದು ಅವಳು ಗಟ್ಟಿಯಾಗಿಯೇ ಓದತೊಡಗಿದಳು. ಅಮ್ಮ ಮೆಷಿನ್ ತುಳಿಯುತ್ತಲೇ ಕಿವಿಗೊಟ್ಟಳು. ಮೂರನೆಯ ಪುಟದಲ್ಲಿ ಒಬ್ಬ ತಾಯಿ ಬಂದಳು. ಅವಳ ಮೂರು ಮಕ್ಕಳು ಒಂದರ ಹಿಂದೊಂದು ತೀರಿಕೊಂಡಿವೆ. ನಾಲ್ಕನೆಯದಕ್ಕೆ ಅವಳು ಇಟ್ಟ ಹೆಸರು ನ್ಕೆಮ್ದಿರಿಮ್. ನಾಲಿಗೆಗೆ ಗಂಟು ಬೀಳುವ ಆ ಹೆಸರನ್ನು ಎರಡು ಸಲ ಎಡವಿ ದಾಟಿ, ಮಗಳು ತಾನು ಬರೆದುದರಲ್ಲಿ ತನಗೇ ಬಹಳ ಹಿಡಿಸಿದ್ದ ಸಾಲಿಗೆ ಬಂದಳು: "ಹೆಸರಿಗೆ ಹೆದರಿ ಸಾವು ಓಡಿಹೋಗುವುದೇ? ಇಂಥ ಮೌಢ್ಯಕ್ಕೆ ನಗಬೇಕೋ ಅಳಬೇಕೋ ತಿಳಿಯದು."

ಮೆಷಿನ್ ನಿಂತಿತು.

"ಆ ಹೆಸರಿಗೆ ಏನರ್ಥ?" ಎಂದಳು ಅಮ್ಮ.

"ನಂದು ನನ್ನ ಹತ್ರಾನೇ ಇರಲಿ, ಅಂತ."

"ಮಗು ಉಳೀತಾ?"

"ಉಳೀತು. ಆದ್ರೆ ಅದು ಹೆಸರಿಂದ ಅಲ್ಲಮ್ಮ."

"ಅವಳಿಗೂ ಗೊತ್ತಿರುತ್ತೆ ಬಿಡು."

ಅಮ್ಮ ಸೂಜಿಗೆ ದಾರ ಪೋಣಿಸಲು ಹೋದಳು. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಕೈಬಿಟ್ಟು, ಮಗಳ ಮುಖ ನೋಡದೆ ಹೇಳಿದಳು. ನಿನಗಿಂತ ಮುಂಚೆ ಇನ್ನೆರಡು ಹುಟ್ಟಿದ್ದವು. ಮೊದಲನೆಯದು ಹನ್ನೊಂದು ದಿನ ಇತ್ತು. ಅದು ಹುಟ್ಟುವ ಮೊದಲೇ ಆಸೆಪಟ್ಟು ಆರು ಅಂಗಿ ಹೊಲಿದಿಟ್ಟಿದ್ದೆ, ನಾಲ್ಕರ ಮಡಿಕೆಯನ್ನೂ ಬಿಚ್ಚಲಿಲ್ಲ. ಎರಡನೆಯದು ಒಂದು ರಾತ್ರಿಯೂ ಕಳೆಯಲಿಲ್ಲ. ನೀನು ಹುಟ್ಟಿದಾಗ ನರ್ಸು ಹೆಸರೇನೆಂದು ಕೇಳಿದಳು. ನನ್ನ ಬಾಯಿಗೆ ಯಾವ ಹೆಸರೂ ಬರಲಿಲ್ಲ, ಬಂದದ್ದು ಒಂದೇ ಮಾತು. ಅದನ್ನೇ ಬೆಳಗಾಗುವ ತನಕ ನಿನ್ನ ಕಿವಿಯಲ್ಲಿ ಹೇಳುತ್ತಾ ಕೂತಿದ್ದೆ.

"ಹೆಸರು ಅಂತ ಇಟ್ಟಿದ್ದಲ್ಲ, ಬಾಯಿಗೆ ರೂಢಿಯಾಗಿಹೋಯ್ತು" ಎಂದು ಅಮ್ಮ ಮತ್ತೆ ಬಟ್ಟೆ ಎಳೆದುಕೊಂಡಳು.

ಹುಡುಗಿಗೆ ನಾಚಿಕೆಯಾಯಿತು. ಇಷ್ಟು ವರ್ಷವೂ ಅಮ್ಮ ಕರೆದಾಗಲೆಲ್ಲ "ಏನು?" ಎಂದು ಸಿಡುಕಿದ್ದೇ ಬಂತು. ಪೆನ್ನು ತೆಗೆದು ಆ ಮೆಚ್ಚಿನ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: "ಆ ತಾಯಿ ಮಗುವನ್ನು ಕರೆದಾಗಲೆಲ್ಲ ಬೇಡಿಕೊಳ್ಳುತ್ತಿದ್ದಳು. ಊರಿನವರಿಗೆ ಅದು ಬರೀ ಹೆಸರಾಗಿ ಕೇಳಿಸಿತು. ನನಗೂ ಹಾಗೇ ಕೇಳಿಸಿತ್ತು."

ಬೆಳಿಗ್ಗೆ ಆ ಹಾಳೆಗಳು ಮೆಷಿನ್ನಿನ ಮೇಲೆಯೇ ಉಳಿದಿದ್ದವು. ಮರೆತಳೋ, ಬೇಕೆಂದೇ ಬಿಟ್ಟಳೋ, ಅವಳನ್ನೇ ಕೇಳಬೇಕು. ಅವಳು ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ ಗೆಳತಿಯರನ್ನು ಸೇರುವ ಹೊತ್ತಿಗೆ ಅಮ್ಮ ಹಾಳೆ ಹಿಡಿದು ಬಾಗಿಲಿಗೆ ಬಂದಳು. ಕೂಗಲು ಬಾಯಿ ತೆರೆದಳು. ಗೆಳತಿಯರನ್ನು ಕಂಡು ಮುಚ್ಚಿಕೊಂಡಳು. ಮಗಳು ಬೇಡ ಎಂದಮೇಲೆ ಬೇಡ. ನೋಯುವ ಮಂಡಿಯ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

"ಇಳೀಬೇಡಮ್ಮ, ಅಲ್ಲಿಂದ್ಲೇ ಕರಿ" ಎಂದು ಮಗಳು ಕೂಗಿದಳು.

ಅಮ್ಮ ಮೆಟ್ಟಿಲ ಮೇಲೆ ನಿಂತಳು. ಆಮೇಲೆ ಬಾಯ್ತುಂಬ ಕರೆದಳು.

"ಇರೂ..."

ಗೆಳತಿಯರು ಕಿಸಕ್ಕನೆ ನಕ್ಕರು. ಬೀದಿಗೆಲ್ಲ ಕೇಳುವಂತೆ ಅವಳು ಓಗೊಟ್ಟಳು.

"ಇದ್ದೀನಮ್ಮಾ."