ಕಂಪನ ಕಂಡುಬಂದಿಲ್ಲ

ಪಕ್ಕದ ಸೈಟಿನಲ್ಲಿ ಪೈಲಿಂಗ್ ಮೆಷಿನ್ ಉಕ್ಕಿನ ಕಂಬಗಳನ್ನು ನೆಲಕ್ಕೆ ಬಡಿಯತೊಡಗಿದ ಮೂರನೇ ದಿನ ವಾರಿಜಮ್ಮನ ಅಡುಗೆಮನೆ ಗೋಡೆ ಬಿರುಕು ಬಿಟ್ಟಿತು. ದೂರು ಕೊಟ್ಟಿದ್ದಕ್ಕೆ ಕಂಪನಿಯ ಇಂಜಿನಿಯರೇ ಮನೆಗೆ ಬಂದರು. ಬರುವಾಗಲೇ ವರದಿಯನ್ನೂ ಟೈಪ್ ಮಾಡಿಸಿಕೊಂಡು ಬಂದಿದ್ದರು. ಸತ್ಯದ ಬಗ್ಗೆ ಅಷ್ಟು ಆತುರ.

"ನಮ್ಮ ಕಂಬ ಅರವತ್ತು ಅಡಿ ಆಳಕ್ಕೆ ಹೋಗುತ್ತಮ್ಮ. ಪೆಟ್ಟನ್ನೆಲ್ಲ ಸುತ್ತಲಿನ ಮಣ್ಣೇ ನುಂಗಿಬಿಡುತ್ತೆ. ನಿಮ್ಮ ಮನೆ ಒಂಚೂರೂ ಅಲ್ಲಾಡಲ್ಲ."

"ಮತ್ತೆ ಶೆಲ್ಫಲ್ಲಿ ಡಬ್ಬಿಗಳು ಕುಣೀತಾ ಇವೆಯಲ್ಲ?"

"ವಯಸ್ಸಾದ ಮೇಲೆ ಹಾಗೆಲ್ಲ ಅನ್ನಿಸುತ್ತೆ."

"ನನಗಾ, ಡಬ್ಬಿಗಳಿಗಾ?"

ಇಂಜಿನಿಯರು ವಾರಿಜಮ್ಮನ ಊಟದ ಮೇಜಿನ ಮೇಲೇ ಕಾಗದವಿಟ್ಟು, 'ಈ ಮನೆಯಲ್ಲಿ ಯಾವುದೇ ಕಂಪನ ಕಂಡುಬಂದಿಲ್ಲ' ಎಂಬ ಸಾಲಿನ ಕೆಳಗೆ ಸಹಿ ಹಾಕಿದರು. ಹೊರಗೆ ಮೆಷಿನ್ ಧಡ್ ಧಡ್ ಎಂದು ಬಡಿಯುತ್ತಲೇ ಇತ್ತು.

ವಾರದ ನಂತರ ಅದೇ ವರದಿ ಹಿಡಿದು ಮತ್ತೆ ಬಾಗಿಲಲ್ಲಿ ನಿಂತರು.

"ಇನ್ನೊಂದು ಸಲ ಬರೆಯಬೇಕಮ್ಮ. ಹೆಡ್ಡಾಫೀಸಿನವರು ವಾಪಸ್ ಕಳಿಸಿದಾರೆ."

"ಯಾಕೆ, ಸುಳ್ಳು ಅಂತ ಗೊತ್ತಾಯ್ತಾ?"

"ಅದಕ್ಕಲ್ಲಮ್ಮ. ನನ್ನ ಸಹಿ ಸೊಟ್ಟಪಟ್ಟ ಇದೆ, ಇದು ನನ್ನದೇ ಅಲ್ಲ ಅಂದ್ರು."