ಮೂರು ತಟ್ಟು

ಟ್ರೇಲರ್ ಮನೆಯ ತಗಡಿನ ಗೋಡೆಗೆ ವರ್ಲಿನ್ ಹೊರಗಿನಿಂದ ರಿವೆಟ್ ಮೊಳೆ ಹೊಡೆದ. ಒಳಗಡೆ ಅದರ ತುದಿಗೆ ಕಬ್ಬಿಣದ ಗಟ್ಟಿಯನ್ನು ಅದುಮಿ ಹಿಡಿದಿದ್ದವಳು ಮಗಳು ಹೇಝಲ್ ಅಲ್ಲ, ಹೆಂಡತಿ ಡೋರೀನ್ ಎಂದು ಅವನಿಗೆ ಗೊತ್ತಿರಲಿಲ್ಲ. ಹೇಝಲ್ ಆಗಷ್ಟೇ ಅವನಿಗೆ ಕಾಣದ ಬದಿಯ ಬಾಗಿಲಿಂದ ನೀರು ಕುಡಿಯಲು ಮನೆಯೊಳಗೆ ಹೋಗಿದ್ದಳು. ರಿವೆಟ್ ಸರಿಯಾಗಿ ಕೂತಿತು. ಡೋರೀನ್ ಗೋಡೆಗೆ ಒಮ್ಮೆ ತಟ್ಟಿದಳು.

"ಭೇಷ್, ಕತ್ತೆಮರಿ! ಇವತ್ತು ಕೈ ನಡುಗ್ತಿಲ್ವಲ್ಲ!" ಎಂದ ವರ್ಲಿನ್. ಆ ಮುದ್ದು ತನ್ನದಲ್ಲವೆಂದು ತಿಳಿದೂ ಅವಳ ಮುಖ ಅರಳಿತು.

ಒಮ್ಮೆ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ಇನ್ನೊಮ್ಮೆ ಹೊಡಿ. ಅಷ್ಟು ಅವಳಿಗೂ ಗೊತ್ತಿತ್ತು. ಬೇಸಿಗೆಗೆ ಮೂವರೂ ಮಿಷಿಗನ್ ಸರೋವರಕ್ಕೆ ಹೋಗೋಣವೆಂದು, ಹೇಝಲ್‌ಳ ತೀರಿಹೋದ ತಾಯಿಯ ಕಾರಿಗೆ ಕಟ್ಟಿ ಎಳೆದೊಯ್ಯುವ ಈ ಹಳೇ ಟ್ರೇಲರನ್ನು ಅಪ್ಪ-ಮಗಳು ರಿಪೇರಿ ಮಾಡುತ್ತಿದ್ದರು. ನಡುನಡುವೆ ಮೂರು ತಟ್ಟು ಕೇಳಿಸುತ್ತಿತ್ತು.

"ಮೂರು ತಟ್ಟಿದ್ರೆ ಏನೇ ಅರ್ಥ?" ಎಂದು ಡೋರೀನ್ ಒಮ್ಮೆ ಹೇಝಲ್‌ಳನ್ನು ಕೇಳಿದ್ದಳು.

"ಏನಿಲ್ಲ ಬಿಡಿ, ಡೋರೀನ್. ಅದು ನಮ್ಮಿಬ್ಬರ ತಮಾಷೆ."

ಸತ್ತವಳು ಕಲಿಸಿಟ್ಟು ಹೋದ ಪ್ರೀತಿಯ ಮಾತೇ ಇರಬೇಕೆಂದು ಡೋರೀನ್ ಒಳಗೊಳಗೇ ಕುದಿದಿದ್ದಳು. ಈಗ, ಒಂದೇ ಒಂದು ಸಲ ಅದು ತನಗೂ ಸಿಗಲಿ ಎನಿಸಿತು. ಬೆರಳು ಮಡಚಿ ಮೂರು ಸಲ ತಟ್ಟಿದಳು.

ಹೊರಗಿನ ಸದ್ದೆಲ್ಲ ನಿಂತುಹೋಯಿತು. ವರ್ಲಿನ್ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದ.

"ಡೋರೀನ್ ಬಂದ್ಲಾ? ಸರಿ ಪುಟ್ಟಿ, ನಿಮ್ಮಮ್ಮನ ಮಾತು ಇನ್ನು ಬೇಡ. ಪಾಪ, ಕೇಳಿದ್ರೆ ಅವಳಿಗೆ ತಡೆಯೋಕಾಗಲ್ಲ."

ಕೈಯಲ್ಲಿದ್ದ ಗಟ್ಟಿ ಇನ್ನೂ ಬೆಚ್ಚಗಿತ್ತು. ಡೋರೀನ್ ಗೋಡೆಗೆ ಒಮ್ಮೆ ತಟ್ಟಿದಳು.